ಕನ್ನಡದಲ್ಲಿ ಬರೆದು ಸಂಪಾದಿಸಬೇಕಾ? ಪತ್ರಿಕೆ, ಅನುವಾದ, ಕಂಟೆಂಟ್, ಧಾರಾವಾಹಿ: ಮೊದಲು ಯಾವುದನ್ನು ಹಿಡಿಯುವುದು

ಫ್ರೀಲಾನ್ಸ್ ಆಗಿ, ಅಂದರೆ ಯಾರ ನೌಕರಿಯಲ್ಲೂ ಇರದೆ, ಬರೆಯಬೇಕು ಅಂದುಕೊಂಡವರು ಮೊದಲು ಕೇಳುವುದು ಪದಕ್ಕೆ ಎಷ್ಟು ಸಿಗುತ್ತದೆ ಅಂತ. ಕೇಳಬೇಕಾದ್ದೇ. ಆದರೆ ಅದಕ್ಕಿಂತ ಮುಂಚೆ ಮೂರು ವಿಷಯ ನೋಡಿಕೊಳ್ಳಿ. ದುಡ್ಡು ಕೈಗೆ ಯಾವಾಗ ಬರುತ್ತದೆ? ಬರೆದದ್ದರ ಮೇಲೆ ನಿಮ್ಮ ಹೆಸರು, ನಿಮ್ಮ ಹಕ್ಕು ಉಳಿಯುತ್ತದಾ? ಈ ಕೆಲಸ ಮುಗಿದ ಮೇಲೆ ಅಲ್ಲಿಂದಲೇ ಇನ್ನೊಂದು ಕೆಲಸ ಬರುತ್ತದಾ? ಕನ್ನಡದಲ್ಲಿ ಬರೆದು ದುಡಿಯುವ ದಾರಿಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ, ಎಲ್ಲವೂ ಕೂತು ಟೈಪ್ ಮಾಡುವುದೇ ಅಲ್ವಾ. ಈ ಮೂರು ಪ್ರಶ್ನೆ ಇಟ್ಟುಕೊಂಡು ನೋಡಿದರೆ ಒಂದರ ರೀತಿ ಇನ್ನೊಂದಕ್ಕಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೊಸಬರು ದುಡ್ಡಿಗೆ ಒಂದು, ಹೆಸರಿಗೆ ಒಂದು ಅಂತ ಎರಡು ದಾರಿ ಹಿಡಿಯಬೇಕು. ಶುರುವಿನಲ್ಲೇ ಒಂದು ಕೆಲಸ ಎರಡನ್ನೂ ಕೊಡುವುದು ಕನ್ನಡದಲ್ಲಿ ಅಪರೂಪ. ಹೆಚ್ಚಿನವರಿಗೆ ದುಡ್ಡಿನ ದಾರಿ ಅನುವಾದ, ಹೆಸರಿನ ದಾರಿ ಪತ್ರಿಕೆ. ಎರಡಕ್ಕಿಂತ ಜಾಸ್ತಿ ಹಚ್ಚಿಕೊಂಡರೆ ಯಾವುದರಲ್ಲೂ ಕೈ ಪಳಗುವುದಿಲ್ಲ.

ಪತ್ರಿಕೆ: ದುಡ್ಡು ಕಮ್ಮಿ, ಕಲಿಕೆ ಜಾಸ್ತಿ

ಕನ್ನಡದ ವಾರಪತ್ರಿಕೆ, ಮಾಸಪತ್ರಿಕೆಗಳು ಹೊರಗಿನ ಬರಹಗಾರರನ್ನು ನೆಚ್ಚಿಕೊಂಡೇ ಬೆಳೆದವು. ಕರ್ಮವೀರ 1921ರಲ್ಲಿ ಶುರುವಾಯಿತು, ಕಸ್ತೂರಿ 1956ರಲ್ಲಿ, ಸುಧಾ 1965ರಲ್ಲಿ, ಮಯೂರ 1968ರಲ್ಲಿ, ತರಂಗ 1983ರಲ್ಲಿ. ಇವುಗಳ ಜೊತೆಗೆ ದಿನಪತ್ರಿಕೆಗಳ ಭಾನುವಾರದ ಪುರವಣಿ, ಕೃಷಿ ಪುಟ, ಮಹಿಳಾ ಪುಟ, ಶಿಕ್ಷಣದ ಪುಟ ಇವೆ. ಜಾಗ ಮೊದಲಿಗಿಂತ ಕಡಿಮೆಯಾಗಿದೆ ನಿಜ. ಆದರೂ ಯಾರ ಪರಿಚಯವೂ ಇಲ್ಲದ ಒಬ್ಬರು ಊರಲ್ಲೇ ಕೂತು ಒಂದು ಲೇಖನ ಕಳಿಸಿ, ಅದು ಅಚ್ಚಾಗಿ, ಇಡೀ ರಾಜ್ಯ ಓದುವುದು ಈ ದಾರಿಯಲ್ಲಿ ಮಾತ್ರ ಇವತ್ತಿಗೂ ಸಾಧ್ಯ.

ದುಡ್ಡಿನ ವಿಷಯ ನೇರವಾಗಿ ಹೇಳುವುದಾದರೆ, ಗೌರವಧನ ಕೆಲವು ನೂರು ರೂಪಾಯಿಯಿಂದ ಒಂದೆರಡು ಸಾವಿರದ ಒಳಗೆ. ಅದೂ ಪ್ರಕಟವಾದ ಮೇಲೆ, ಒಂದೆರಡು ತಿಂಗಳು ಬಿಟ್ಟು. ಕೊಡದೇ ಇರುವ ಪತ್ರಿಕೆಗಳೂ ಇವೆ, ಕಳಿಸುವ ಮುಂಚೆ ಕೇಳಿಕೊಂಡರೆ ಯಾರೂ ತಪ್ಪು ತಿಳಿಯುವುದಿಲ್ಲ. ಇದನ್ನೇ ನೆಚ್ಚಿ ಬಾಡಿಗೆ ಕಟ್ಟಲು ಆಗುವುದಿಲ್ಲ, ಹಾಗಂತ ಬಿಡಲೂ ಬಾರದು. ಯಾಕೆಂದರೆ ನೀವು ಕಳಿಸಿದ 1200 ಪದವನ್ನು ಉಪಸಂಪಾದಕರು 600ಕ್ಕೆ ಇಳಿಸಿ ಹಾಕಿದಾಗ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಯಾವ ತರಗತಿಯಲ್ಲೂ ಸಿಗದ ಪಾಠ ಸಿಗುತ್ತದೆ. ಏನು ಉಳಿಯಿತು, ಏನು ಹೋಯಿತು ಅಂತ ಗೆರೆ ಹಾಕಿ ನೋಡಿ.

ಯಾವುದು ಅಚ್ಚಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ‘ಅಡಿಕೆ ಬೆಳೆಗಾರರ ಸಮಸ್ಯೆಗಳು’ ಅಂತ ಕಳಿಸಿದರೆ ಆ ಲೇಖನ ಮೂಲೆ ಸೇರುತ್ತದೆ, ಅದನ್ನು ಅವರ ವರದಿಗಾರರೇ ಬರೆಯಬಲ್ಲರು. ಅದರ ಬದಲು ಶಿರಸಿ ಕಡೆಯ ಒಂದು ತೋಟಕ್ಕೆ ಹೋಗಿ. ಕೊನೆಗೌಡರು (ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರು) ಸಿಗದೆ ತೋಟದವರೇ ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ಹಿಡಿದು ನೆಲದ ಮೇಲೆ ನಿಂತೇ ಕೊನೆ, ಅಂದರೆ ಗೊನೆ, ಇಳಿಸಲು ಕಲಿತದ್ದು, ಆ ದೋಟಿ ಎಷ್ಟು ಉದ್ದ, ಕುತ್ತಿಗೆ ನೋವು ಹೇಗೆ, ಮದ್ದು ಹೊಡೆಯಲೂ ಅದೇ ದೋಟಿ ಬಳಸುತ್ತಾರಾ, ಕೊನೆ ಕೊಯ್ಯುವವರ ಮಕ್ಕಳು ಈಗ ಏನು ಮಾಡುತ್ತಿದ್ದಾರೆ, ಇಷ್ಟನ್ನು ಕೇಳಿ ಬರೆದು ಜೊತೆಗೆ ನೀವೇ ತೆಗೆದ ನಾಲ್ಕು ಒಳ್ಳೆ ಫೋಟೋ ಇಟ್ಟು ಕಳಿಸಿ. ಇಂಥ ನುಡಿಚಿತ್ರ ಬೆಂಗಳೂರಿನ ಡೆಸ್ಕಿನಲ್ಲಿ ಕೂತವರಿಗೆ ಸಿಗುವುದಿಲ್ಲ. ನಿಮ್ಮ ಊರೇ ನಿಮ್ಮ ಬಂಡವಾಳ.

ಕಳಿಸುವ ಕ್ರಮವೂ ಮುಖ್ಯ. ಒಂದೇ ಲೇಖನವನ್ನು ಒಂದೇ ಹೊತ್ತಿಗೆ ಎರಡು ಪತ್ರಿಕೆಗೆ ಕಳಿಸಬೇಡಿ, ಎರಡೂ ಕಡೆ ಬಂದರೆ ಎರಡೂ ಬಾಗಿಲು ಮುಚ್ಚುತ್ತವೆ. ಹಬ್ಬ, ಜಯಂತಿ, ದಿನಾಚರಣೆಯ ಲೇಖನ ಕೆಲವು ವಾರ ಮುಂಚೆಯೇ ಹೋಗಿರಬೇಕು. ದೀಪಾವಳಿ, ಯುಗಾದಿ ವಿಶೇಷಾಂಕದ್ದು ಇನ್ನೂ ಮುಂಚೆ. ಯೂನಿಕೋಡ್‌ನಲ್ಲಿ (ಮೊಬೈಲ್, ವೆಬ್‌ನಲ್ಲಿ ಬಳಸುವ ಅಕ್ಷರ ಕ್ರಮ) ಕಳಿಸಬೇಕಾ, ನುಡಿಯಲ್ಲಿ (ಕನ್ನಡ ಟೈಪಿಂಗ್‌ನ ಹಳೆಯ ತಂತ್ರಾಂಶ) ಕಳಿಸಬೇಕಾ ಅಂತ ಕೇಳಿ. ನುಡಿ ಬೇಕು ಅಂದರೆ ಕನ್ವರ್ಟ್ ಮಾಡಿದ ಮೇಲೆ ಪೂರ್ತಿ ಓದಿ, ಒತ್ತಕ್ಷರ ಮತ್ತು ಅರ್ಕಾವತ್ತು ಅಲ್ಲಲ್ಲಿ ಕೆಟ್ಟಿರುತ್ತವೆ.

ಅನುವಾದ: ತಿಂಗಳ ಖರ್ಚು ಹುಟ್ಟುವ ಜಾಗ

ಪತ್ರಿಕೆಗೂ ಅನುವಾದಕ್ಕೂ ದೊಡ್ಡ ವ್ಯತ್ಯಾಸ ಅಂದರೆ ಇಲ್ಲಿ ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ, ಕೆಲಸ ಮಾತ್ರ ಬರುತ್ತಾ ಇರುತ್ತದೆ. ಬ್ಯಾಂಕಿನ ಆ್ಯಪ್, ಔಷಧ ಪ್ರಯೋಗಕ್ಕೆ ಒಪ್ಪಿಗೆ ಪಡೆಯುವ ಪತ್ರ, ಟ್ರ್ಯಾಕ್ಟರಿನ ಕೈಪಿಡಿ, ಎನ್‌ಜಿಒಗಳ ತರಬೇತಿ ಪುಸ್ತಕ, ಶಾಲಾ ಪಾಠ. ಇವೆಲ್ಲ ಅನುವಾದ ಮಾಡಿಸಿಕೊಡುವ ಏಜೆನ್ಸಿಗಳ ಮೂಲಕ ಬರುತ್ತವೆ. ಒಮ್ಮೆ ನಿಮ್ಮನ್ನು ನಂಬಿದ ಪ್ರಾಜೆಕ್ಟ್ ಮ್ಯಾನೇಜರ್ ಮುಂದಿನ ಸಲವೂ ನಿಮ್ಮನ್ನೇ ಕರೆಯುತ್ತಾರೆ. ಮೂರನೇ ಪ್ರಶ್ನೆಗೆ, ಅಂದರೆ ಮತ್ತೆ ಕೆಲಸ ಸಿಗುತ್ತದಾ ಅನ್ನುವುದಕ್ಕೆ, ಈ ಲೇಖನದಲ್ಲಿ ಬರುವ ಐದು ದಾರಿಗಳಲ್ಲಿ ಇದೇ ಗಟ್ಟಿ ಉತ್ತರ ಕೊಡುವುದು.

ಸ್ಥಳೀಯ ಏಜೆನ್ಸಿಗಳಲ್ಲಿ ಹೊಸಬರಿಗೆ ಪದಕ್ಕೆ ಒಂದು ರೂಪಾಯಿ ಆಸುಪಾಸಿನ ಮಾತು ಬರುವುದು ಸಾಮಾನ್ಯ. ಇಲ್ಲಿ ಒಂದು ಲೆಕ್ಕ ಗೊತ್ತಿರಲೇಬೇಕು. ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ನಿಲ್ಲುವ ಸಣ್ಣ ಪದಗಳು ಕನ್ನಡದಲ್ಲಿ ಪ್ರತ್ಯಯವಾಗಿ ಹಿಂದಿನ ಪದಕ್ಕೆ ಅಂಟಿಕೊಳ್ಳುತ್ತವೆ, ಹಾಗಾಗಿ ಅಲ್ಲಿನ ಪದಗಳ ಸಂಖ್ಯೆ ಇಲ್ಲಿಗೆ ಬರುವಾಗ ಸುಮಾರು ಮುಕ್ಕಾಲು ಭಾಗಕ್ಕೆ ಇಳಿಯುತ್ತದೆ. 10,000 ಪದದ ಕೆಲಸಕ್ಕೆ ಮೂಲದ ಲೆಕ್ಕದಲ್ಲಿ 10,000 ರೂಪಾಯಿ ಬಂದರೆ, ಕನ್ನಡದ ಪದ ಎಣಿಸಿ ಕೊಡುತ್ತೇವೆ ಅನ್ನುವವರ ಹತ್ತಿರ ಅದೇ ರೇಟಿಗೆ 7,500ರ ಆಸುಪಾಸು. ಕೆಲಸ ಅಷ್ಟೇ, ದುಡ್ಡು ಕಾಲು ಭಾಗ ಕಮ್ಮಿ. ಒಪ್ಪಿಕೊಳ್ಳುವ ಮುಂಚೆ ಕೇಳಿ: ಎಣಿಸುವುದು ಮೂಲದ ಪದವನ್ನಾ, ಕನ್ನಡದ ಪದವನ್ನಾ?

ಇನ್ನೊಂದು, ಯಂತ್ರಾನುವಾದ ತಿದ್ದುವ ಕೆಲಸ. ಈಗ ಬಹಳಷ್ಟು ಏಜೆನ್ಸಿಗಳು ಮೊದಲು ಮೆಷಿನ್‌ನಲ್ಲಿ ಅನುವಾದ ಮಾಡಿಸಿ, ನೀವು ಸುಮ್ನೆ ತಿದ್ದಿ ಕೊಡಿ ಸಾಕು ಅನ್ನುತ್ತವೆ, ರೇಟನ್ನು ಅರ್ಧಕ್ಕೆ ಇಳಿಸುತ್ತವೆ. ಕೊಟ್ಟ ಪಠ್ಯ ಹೇಗಿದೆ ಅಂತ ನೋಡದೆ ಇದಕ್ಕೆ ಹ್ಞೂಂ ಅನ್ನಬೇಡಿ. ಒಂದೇ ಪ್ಯಾರಾದಲ್ಲಿ ಓದುಗರನ್ನು ಒಮ್ಮೆ ನೀನು, ಒಮ್ಮೆ ನೀವು ಅಂದಿರುತ್ತದೆ. ವಾಕ್ಯವೆಲ್ಲ ‘ಮಾಡಲ್ಪಟ್ಟಿದೆ’, ‘ನೀಡಲ್ಪಡುತ್ತದೆ’ ಅಂತ ಮುಗಿದಿರುತ್ತದೆ. ಅಂಥದನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದು ಬೇಗ. ಒಂದು ಪುಟ ಕೇಳಿ ಪಡೆದು, ಗಡಿಯಾರ ನೋಡಿಕೊಂಡು ತಿದ್ದಿ, ಆಮೇಲೆ ಗಂಟೆಗೆ ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕಿ ಉತ್ತರ ಕೊಡಿ. ಶುರುವಿನ ದಿನಗಳಲ್ಲಿ ಇದೊಂದನ್ನೇ ಮಾಡುತ್ತಾ ಹೋದರೆ ನಿಮ್ಮ ಕನ್ನಡವೂ ಹಾಗೇ ಆಗುತ್ತದೆ. ಇದು ನನಗೆ ನಿಜವಾಗಿ ಚಿಂತೆ ಹುಟ್ಟಿಸುವ ವಿಷಯ.

ಅನುವಾದ ಅಂದರೆ ಡಿಕ್ಷನರಿ ಇಟ್ಟುಕೊಂಡು ಮಾಡುವ ಕೆಲಸ ಅಂದುಕೊಂಡವರಿಗೆ ಒಂದು ತುಣುಕು ತೋರಿಸುತ್ತೇನೆ. ಹಣ ಕಳಿಸುವ ಆ್ಯಪ್ ಒಂದರ ಸಂದೇಶ ಇದೆ ಅಂತ ಇಟ್ಟುಕೊಳ್ಳಿ, ಅದರಲ್ಲಿ ಪಡೆಯುವವರ ಹೆಸರಿನ ಜಾಗ ಖಾಲಿ ಇರುತ್ತದೆ, ಹೆಸರನ್ನು ಕಂಪ್ಯೂಟರ್ ತುಂಬುತ್ತದೆ. ಇಂಗ್ಲಿಷಿನಲ್ಲಿ ತೊಂದರೆ ಇಲ್ಲ. ಕನ್ನಡದಲ್ಲಿ ಆ ಹೆಸರಿಗೆ ವಿಭಕ್ತಿ ಅಂಟಬೇಕು. ರಮೇಶನಿಗೆ, ಗೀತಾಗೆ, ಲಕ್ಷ್ಮಿಗೆ, ಮಂಜುಗೆ, ಅಬ್ದುಲ್‌ಗೆ. ಕಂಪ್ಯೂಟರ್‌ಗೆ ಇದು ಗೊತ್ತಾಗುವುದಿಲ್ಲ. ‘ಗೆ’ ಅಂತ ಎಲ್ಲದಕ್ಕೂ ಅಂಟಿಸಿದರೆ ಕೆಲವು ಹೆಸರು ಕಿವಿಗೆ ಚುಚ್ಚುತ್ತವೆ. ಪಳಗಿದ ಅನುವಾದಕರು ವಾಕ್ಯವನ್ನೇ ತಿರುಗಿಸಿ, ‘500 ರೂ. ಕಳಿಸಲಾಗಿದೆ. ಪಡೆಯುವವರು: ಗೀತಾ’ ಅಂತ ಮಾಡಿ ಹೆಸರು ಹಾಗೇ ನಿಲ್ಲುವಂತೆ ನೋಡಿಕೊಳ್ಳುತ್ತಾರೆ. ಬಟನ್ ಮೇಲಿನ ಪದವಾದರೆ ಅಕ್ಷರದ ಮಿತಿ ಬೇರೆ. ಈ ಥರದ ಕೆಲಸ ಇಷ್ಟವಾದರೆ ಅನುವಾದದಲ್ಲಿ ನೀವು ನಿಲ್ಲುತ್ತೀರಿ. ಕಿರಿಕಿರಿ ಅನ್ನಿಸಿದರೆ ಬೇರೆ ದಾರಿ ನೋಡಿ, ಬಲವಂತ ಬೇಡ.

ಸಾಹಿತ್ಯದ ಅನುವಾದ ಬೇರೆಯೇ ಲೋಕ. ಕುವೆಂಪು ಭಾಷಾ ಭಾರತಿ ಪ್ರಾಧಿಕಾರದಂಥ ಸಂಸ್ಥೆಗಳು, ಪ್ರಕಾಶಕರು ಮಾಡಿಸುತ್ತಾರೆ, ಹೆಸರು ಬರುತ್ತದೆ, ತಿಂಗಳ ಖರ್ಚಿಗೆ ಅದನ್ನು ನಂಬಲು ಆಗುವುದಿಲ್ಲ.

ಕಂಪನಿಗಳ ಕಂಟೆಂಟ್

ಅನುವಾದಕ್ಕಿಂತ ರೇಟ್ ಚೆನ್ನಾಗಿರುತ್ತದೆ, ತಲೆನೋವೂ ಜಾಸ್ತಿ. ಸೋಶಿಯಲ್ ಮೀಡಿಯಾ ಪೋಸ್ಟ್, ರೇಡಿಯೋ ಜಾಹೀರಾತು, ರೈತರಿಗೆ ಹೋಗುವ ವಾಟ್ಸಾಪ್ ಸಂದೇಶ, ಯೂಟ್ಯೂಬ್ ಚಾನೆಲ್‌ಗಳ ಸ್ಕ್ರಿಪ್ಟ್, ಇವೆಲ್ಲ ಈ ಗುಂಪಿನವು. ಜಾಹೀರಾತಿನ ಯೋಚನೆ ಹೆಚ್ಚಾಗಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಹುಟ್ಟಿರುತ್ತದೆ, ನಿಮ್ಮ ಹತ್ತಿರ ಬರುವಾಗ ಕನ್ನಡಕ್ಕೆ ಒಗ್ಗಿಸುವುದಷ್ಟೇ ಉಳಿದಿರುತ್ತದೆ. ಒಪ್ಪಿಗೆ ಕೊಡುವವರಿಗೆ ಎಷ್ಟೋ ಸಲ ಕನ್ನಡ ಓದಲು ಬರುವುದಿಲ್ಲ. ಆಗ ನೀವು ಬರೆದ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ಮಾಡಿಕೊಡಿ ಅನ್ನುತ್ತಾರೆ, ಅದಕ್ಕೂ ದುಡ್ಡು ಕೇಳಿ, ಅದೂ ಕೆಲಸವೇ.

ಇಲ್ಲಿ ಎರಡು ಷರತ್ತು ಮೊದಲೇ ಇಮೇಲ್‌ನಲ್ಲಿ ಬರಲಿ. ತಿದ್ದುಪಡಿ ಎರಡು ಸುತ್ತು ಮಾತ್ರ, ಆಮೇಲಿನದಕ್ಕೆ ಬೇರೆ ಚಾರ್ಜು. ಹೊಸ ಗಿರಾಕಿಯಾದರೆ ಅರ್ಧ ದುಡ್ಡು ಮುಂಗಡ. ಒಂದೊಂದು ಬಿಡಿ ಪೋಸ್ಟಿಗೆ ರೇಟ್ ಮಾತಾಡುವುದಕ್ಕಿಂತ ತಿಂಗಳಿಗೆ ಇಷ್ಟು ಪೋಸ್ಟ್, ಇಷ್ಟು ದುಡ್ಡು ಅಂತ ಮಾಡಿಕೊಂಡರೆ ಇಬ್ಬರಿಗೂ ನೆಮ್ಮದಿ. ಪರೀಕ್ಷೆಗೆ ಅಂತ 200–300 ಪದ ಪುಕ್ಕಟೆ ಮಾಡಿಕೊಡಬಹುದು. 2000 ಪದದ ‘ಸ್ಯಾಂಪಲ್’ ಕೇಳಿದರೆ ಅದು ಸ್ಯಾಂಪಲ್ ಅಲ್ಲ.

ಫೈವರ್, ಅಪ್‌ವರ್ಕ್ ಥರದ, ಫ್ರೀಲಾನ್ಸ್ ಕೆಲಸ ಸಿಗುವ ವಿದೇಶಿ ತಾಣಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಫೈವರ್ ನಿಮ್ಮ ಸಂಪಾದನೆಯಲ್ಲಿ 20% ಹಿಡಿದುಕೊಳ್ಳುತ್ತದೆ. ಕನ್ನಡದ ಕೆಲಸ ಅಲ್ಲಿ ಇದೆ, ಆದರೆ ಬಿಡಿಬಿಡಿಯಾಗಿ ಬರುತ್ತದೆ. ಅಕೌಂಟ್ ತೆರೆದಿಡಿ, ಅದನ್ನೇ ನಂಬಿ ಕೂರಬೇಡಿ.

ಧಾರಾವಾಹಿ, ಡಬ್ಬಿಂಗ್

ಇದರ ಕಡೆ ಎಲ್ಲರ ಕಣ್ಣು. ದುಡ್ಡು ಎಪಿಸೋಡ್ ಲೆಕ್ಕದಲ್ಲಿ, ಒಳ್ಳೆಯದೇ ಸಿಗುತ್ತದೆ, ಟೈಟಲ್ ಕಾರ್ಡಿನಲ್ಲಿ ಹೆಸರೂ ಬರುತ್ತದೆ. ಆದರೆ ಹೊಸಬರಿಗೆ ಇದನ್ನು ಮೊದಲ ದಾರಿ ಅಂತ ನಾನು ಹೇಳುವುದಿಲ್ಲ. ಕಥೆ ಒಬ್ಬರದು, ಚಿತ್ರಕಥೆ ಒಬ್ಬರದು, ಸಂಭಾಷಣೆ ಇನ್ನೊಬ್ಬರದು. ನಿಮ್ಮ ಕೈಗೆ ದೃಶ್ಯಗಳ ಪಟ್ಟಿ ಬರುತ್ತದೆ, ಅರ್ಧ ಗಂಟೆಯ ಸ್ಲಾಟಿಗೆ ಜಾಹೀರಾತು ಬಿಟ್ಟು 20–22 ನಿಮಿಷದ ಮಾತು ಬರೆಯಬೇಕು, ವಾರಕ್ಕೆ ಐದಾರು ಎಪಿಸೋಡ್. ಗುರುವಾರ ಟಿಆರ್‌ಪಿ ಬಂದ ಮೇಲೆ ಕಥೆಯ ದಿಕ್ಕೇ ಬದಲಾಗಿ, ಬರೆದಿಟ್ಟದ್ದನ್ನು ಬದಿಗಿಟ್ಟು ರಾತ್ರೋರಾತ್ರಿ ಮತ್ತೆ ಬರೆಯಬೇಕಾಗಬಹುದು. ಬೆಂಗಳೂರಿನಲ್ಲಿ ಇರಬೇಕಾಗುತ್ತದೆ ಅಥವಾ ಯಾವ ಹೊತ್ತಿಗಾದರೂ ಫೋನಿಗೆ ಸಿಗಬೇಕು. ಧಾರಾವಾಹಿ ನಿಂತರೆ ಸಂಪಾದನೆಯೂ ಅದೇ ವಾರ ನಿಲ್ಲುತ್ತದೆ. ಪರಿಚಿತ ಬರಹಗಾರರ ಕೈಕೆಳಗೆ ಸಹಾಯಕರಾಗಿ ಹೋಗುವುದೇ ಇಲ್ಲಿನ ನಿಜವಾದ ಬಾಗಿಲು.

ಡಬ್ಬಿಂಗ್ ಸ್ಕ್ರಿಪ್ಟ್ ಇದಕ್ಕಿಂತ ಹೊಸಬರಿಗೆ ಹತ್ತಿರದ್ದು. ಕನ್ನಡದಲ್ಲಿ ಡಬ್ಬಿಂಗ್‌ಗೆ ದಶಕಗಟ್ಟಲೆ ತಡೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ (ಮಾರುಕಟ್ಟೆಯಲ್ಲಿ ಪೈಪೋಟಿಗೆ ಅಡ್ಡಿ ಬರದಂತೆ ನೋಡಿಕೊಳ್ಳುವ ಸಂಸ್ಥೆ) ಆ ತಡೆಯ ವಿರುದ್ಧ ಆದೇಶ ಕೊಟ್ಟಿತು, 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತಾಗ ಡಬ್ ಆದ ಧಾರಾವಾಹಿಗಳು ಮನೆಮನೆಗೆ ಬಂದವು. ಡಬ್ಬಿಂಗ್ ಬೇಕಾ ಬೇಡವಾ ಅನ್ನುವ ವಾದ ಇನ್ನೂ ಇದೆ, ಅದೇನೇ ಇದ್ದರೂ ಕೆಲಸ ಹುಟ್ಟಿಕೊಂಡಿದೆ. ಇದರ ಕಸುಬು ಸಣ್ಣದಲ್ಲ. ಪರದೆಯ ಮೇಲೆ ನಟಿಯ ತುಟಿ ಮುಚ್ಚಿಕೊಳ್ಳುವ ಕಡೆ ನಿಮ್ಮ ಕನ್ನಡದ ಮಾತಿನಲ್ಲಿ ಪ, ಬ, ಮ ಬಂದು ಕೂರಬೇಕು. ಬಾಯಿ ತೆರೆದೇ ಇರುವ ಕಡೆ ಆ ಅಕ್ಷರ ಬರಬಾರದು. ಮಾತಿನ ಉದ್ದವೂ ಸರಿಹೊಂದಬೇಕು, ಅತ್ತೆ ಸೊಸೆಗೆ ಹೇಳುವ ಮಾತು ನಮ್ಮ ಮನೆಯ ಅತ್ತೆಯ ಮಾತಿನ ಹಾಗೇ ಕೇಳಬೇಕು. ಹಿಂದಿಯಿಂದ ತರುವಾಗ ಕ್ರಿಯಾಪದ ಅಲ್ಲೂ ಕೊನೆಗೇ ಬರುವುದರಿಂದ ಸ್ವಲ್ಪ ಸಲೀಸು. ಇಂಗ್ಲಿಷಿನಿಂದ ತರುವಾಗ ವಾಕ್ಯವನ್ನೇ ಬುಡಮೇಲು ಮಾಡಬೇಕಾಗುತ್ತದೆ. ನಾಟಕದಲ್ಲಿ ಪಾತ್ರ ಮಾಡಿದವರಿಗೆ, ಬಾಯಿಬಿಟ್ಟು ಓದುವ ಅಭ್ಯಾಸ ಇರುವವರಿಗೆ ಇದು ಬೇಗ ಒಲಿಯುತ್ತದೆ.

ಕಥೆ ಬರೆಯುವವರಿಗೆ ಆ್ಯಪ್‌ಗಳು

ಕಥೆ ಓದುವ ಆ್ಯಪ್ ಪ್ರತಿಲಿಪಿ 2014ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಅದರ ಜೊತೆಗೆ ಪಾಕೆಟ್ ಎಫ್‌ಎಂ, ಕುಕು ಎಫ್‌ಎಂ ಥರದ, ಕಥೆ ಕೇಳಿಸುವ ಆಡಿಯೋ ಆ್ಯಪ್‌ಗಳು, ಕನ್ನಡದ್ದೇ ಆದ ಮೈಲ್ಯಾಂಗ್ ಇವೆ. ಕಂತುಗಳಲ್ಲಿ ಕಥೆ ಬರೆದು ಓದುಗರನ್ನು ಕಟ್ಟಿ ಹಾಕುವ ಶಕ್ತಿ ಇದ್ದರೆ ಇಲ್ಲಿ ಓದುಗರು ನೇರವಾಗಿ ಸಿಗುತ್ತಾರೆ, ಸಂಪಾದಕರ ಬಾಗಿಲು ಕಾಯಬೇಕಾಗಿಲ್ಲ. ದುಡ್ಡು ಬರಲು ತುಂಬಾ ತಡ. ಕೆಲವರಿಗೆ ಬರುತ್ತದೆ, ಹೆಚ್ಚಿನವರಿಗೆ ಓದುಗರ ಪ್ರೀತಿ ಬರುತ್ತದೆ. ಆಡಿಯೋ ಆ್ಯಪ್‌ಗೆ ಎಪಿಸೋಡ್ ಲೆಕ್ಕದಲ್ಲಿ ಬರೆದುಕೊಡುವಾಗ ಕಥೆಯ ಹಕ್ಕು ಪೂರ್ತಿ ಅವರದಾಗುತ್ತದಾ ಅಂತ ಕರಾರು ಪತ್ರ ಓದದೆ ಸಹಿ ಹಾಕಬೇಡಿ. ಮೊದಲ ಪುಸ್ತಕದ ಕನಸಿದ್ದರೆ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನದ ಪ್ರಕಟಣೆಯನ್ನೂ ಗಮನಿಸುತ್ತಿರಿ.

ಹಾಗಾದರೆ ನಿಮಗೆ ಯಾವುದು?

ತಕ್ಷಣ ತಿಂಗಳ ಖರ್ಚು ಹುಟ್ಟಬೇಕು, ಇಂಗ್ಲಿಷ್ ಚೆನ್ನಾಗಿ ಅರ್ಥವಾಗುತ್ತದೆ ಅಂದರೆ ಅನುವಾದ. ದಿನಕ್ಕೆ ಎರಡೇ ಗಂಟೆ ಸಿಗುವುದು, ಅದೂ ಮಗು ಮಲಗಿದಾಗ ಅನ್ನುವವರಿಗೂ ಅನುವಾದವೇ, ಆದರೆ ಸಂಜೆಯೊಳಗೆ ಬೇಕು ಅನ್ನುವ ಏಜೆನ್ಸಿಯಲ್ಲ, ಎರಡು ಮೂರು ದಿನ ಸಮಯ ಕೊಡುವ ಎನ್‌ಜಿಒ, ಶಿಕ್ಷಣ ಸಂಸ್ಥೆಗಳ ಕೆಲಸ. ಬೇರೆ ನೌಕರಿ ಇದೆ, ದುಡ್ಡಿನ ಅವಸರ ಇಲ್ಲ ಅನ್ನುವವರು ನೇರ ಪತ್ರಿಕೆಗೆ ಹೋಗಿ, ಒಂದೇ ವಿಷಯ ಹಿಡಿದು ಬರೆಯಿರಿ. ಸರ್ಕಾರಿ ನೌಕರರಾದರೆ ಮಾತ್ರ ಹೊರಗಿನ ಸಂಪಾದನೆಗೆ ನಿಮ್ಮ ಸೇವಾ ನಿಯಮ ಏನು ಹೇಳುತ್ತದೆ ಅಂತ ಮೊದಲು ನೋಡಿಕೊಳ್ಳಿ. ಬ್ಯಾಂಕು, ವೈದ್ಯಕೀಯ, ಕೃಷಿ, ಕಾನೂನು, ಇವುಗಳಲ್ಲಿ ಕೆಲಸ ಮಾಡಿ ಬಂದವರು ಆ ವಿಷಯವನ್ನೇ ಮಾರಿ. ನರ್ಸಿಂಗ್ ಗೊತ್ತಿದ್ದು ಕನ್ನಡ ಚೆನ್ನಾಗಿ ಬರೆಯುವವರು ಸಿಗುವುದು ಬಹಳ ಕಷ್ಟ, ಅಂಥವರು ಒಂದು ರೂಪಾಯಿ ರೇಟಿಗೆ ಒಪ್ಪಬೇಕಾಗಿಯೇ ಇಲ್ಲ. ಹೊರದೇಶದಲ್ಲಿ ಇರುವ ಕನ್ನಡಿಗರಿಗೆ ಅಲ್ಲಿನ ಏಜೆನ್ಸಿಗಳು ಹತ್ತಿರ, ಜೊತೆಗೆ ಇಂಡಿಯಾದಲ್ಲಿ ರಾತ್ರಿಯಾದಾಗ ಬರುವ ಅರ್ಜೆಂಟ್ ಕೆಲಸ ಅಮೆರಿಕದ ಕಡೆ ಇರುವವರ ಹಗಲಿಗೆ ಬೀಳುತ್ತದೆ.

ದುಡ್ಡು, ಹಕ್ಕು, ಕಾಗದ

ಕೆಲಸ ಯಾವುದೇ ಆಗಲಿ, ಇಷ್ಟು ಗೊತ್ತಿರಲಿ. ನೀವು ಯಾರ ನೌಕರರೂ ಅಲ್ಲದಿದ್ದಾಗ ಬರೆದದ್ದರ ಮೊದಲ ಹಕ್ಕುದಾರರು ನೀವೇ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಅದು ಬರವಣಿಗೆಯಲ್ಲಿ, ನಿಮ್ಮ ಸಹಿಯೊಂದಿಗೆ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲದಿದ್ದರೆ ಐದು ವರ್ಷ, ಯಾವ ಪ್ರದೇಶಕ್ಕೆ ಅಂತ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಕರಾರಿನಲ್ಲಿ ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಅಂತ ಇದ್ದರೆ ಅದಕ್ಕೆ ತಕ್ಕ ದುಡ್ಡು ಇದೆಯಾ ನೋಡಿ. ಆ್ಯಪ್‌ನ ಬಟನ್ ಪದಗಳಿಗೆ ಅದು ಸರಿ, ನಿಮ್ಮ ಕಾದಂಬರಿಗೆ ಅಲ್ಲ.

ಒಬ್ಬರೇ ಗಿರಾಕಿ ವರ್ಷಕ್ಕೆ 50,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಸಾಮಾನ್ಯವಾಗಿ 10% ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ. 2025ರ ಏಪ್ರಿಲ್‌ಗಿಂತ ಮುಂಚೆ ಆ ಮಿತಿ 30,000 ಇತ್ತು. ಹಿಡಿದ ದುಡ್ಡು ಹೋಯಿತು ಅಂತ ಬಿಡಬೇಡಿ. ನಿಮ್ಮ ತೆರಿಗೆ ಅಷ್ಟು ಆಗದಿದ್ದರೆ ರಿಟರ್ನ್ ಫೈಲ್ ಮಾಡಿದಾಗ ವಾಪಸ್ ಬರುತ್ತದೆ. ಎಷ್ಟೋ ಹೊಸಬರು ಪ್ಯಾನ್ ಕೊಟ್ಟು, ರಿಟರ್ನ್ ಮಾಡದೆ, ಆ ದುಡ್ಡನ್ನು ಮರೆತೇಬಿಡುತ್ತಾರೆ. ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಬೇಕಾಗುವುದಿಲ್ಲ.

ತಡವಾಗಿ ದುಡ್ಡು ಕೊಡುವುದು ಈ ಕಸುಬಿನ ದೊಡ್ಡ ರೋಗ. ಇದಕ್ಕೆ ಒಂದು ಮದ್ದು ಇದೆ, ಅದು ಬರಹಗಾರರಿಗೆ ಅಷ್ಟಾಗಿ ಗೊತ್ತಿಲ್ಲ. ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಆಧಾರ್, ಪ್ಯಾನ್ ಕೊಟ್ಟು ಸೇವೆ ಕೊಡುವ ಕಿರು ಉದ್ಯಮ ಅಂತ ನೋಂದಾಯಿಸಿಕೊಳ್ಳಿ. ಅದು ಉಚಿತ, ದುಡ್ಡು ಕೇಳುವ ನಕಲಿ ತಾಣಗಳಿಗೆ ಹೋಗಬೇಡಿ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಕೊಳ್ಳುವವರು ಕರಾರು ಇದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ. ಇದಕ್ಕಾಗಿ ಇರುವ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಎಷ್ಟೋ ಸಲ ದೂರಿನವರೆಗೆ ಹೋಗಬೇಕಾಗುವುದಿಲ್ಲ, ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಮತ್ತು 45 ದಿನದ ಒಂದು ಸಾಲು ಹಾಕಿದರೆ ಅಕೌಂಟ್ಸ್ ವಿಭಾಗದವರು ಎಚ್ಚೆತ್ತುಕೊಳ್ಳುತ್ತಾರೆ.

ಇನ್ನು, ಯಾರಾದರೂ ‘ಮನೆಯಲ್ಲೇ ಕೂತು ಟೈಪಿಂಗ್ ಕೆಲಸ, ಮೊದಲು ನೋಂದಣಿ ಶುಲ್ಕ ಕಟ್ಟಿ’ ಅಂದರೆ ಅಲ್ಲೇ ಮಾತು ಮುಗಿಸಿ. ಮುಂದೆ ‘ನಿಮ್ಮ ಕೆಲಸದಲ್ಲಿ ತಪ್ಪು ಜಾಸ್ತಿ, ಕರಾರು ಮುರಿದಿದ್ದೀರಿ’ ಅಂತ ವಕೀಲರ ಹೆಸರಲ್ಲಿ ನೋಟಿಸ್ ಬರುತ್ತದೆ, ಹೆದರಿಸಿ ಇನ್ನಷ್ಟು ಕೀಳುತ್ತಾರೆ. ಅಂಥ ನೋಟಿಸ್ ಬಂದಿದ್ದರೆ ದುಡ್ಡು ಕಟ್ಟಬೇಡಿ, 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಡಿ.

ಕೆಲಸ ಕೇಳುವ ಮೊದಲ ಇಮೇಲ್‌ಗೆ ಮೂರು ಮಾದರಿ ಸಾಕು. ಅನುವಾದಕ್ಕೆ ಕೇಳುತ್ತಿದ್ದರೆ ಮೂಲ ಎಡಕ್ಕೆ, ಕನ್ನಡ ಬಲಕ್ಕೆ ಇಟ್ಟು 250 ಪದದ ಒಂದು ಆರೋಗ್ಯದ್ದು, ಒಂದು ಹಣಕಾಸಿನದು, ಒಂದು ಜಾಹೀರಾತಿನದು. ಪತ್ರಿಕೆಗಾದರೆ ಲೇಖನವನ್ನೇ ಕಳಿಸಿ, ‘ಬರೆಯಬಹುದಾ’ ಅಂತ ಕೇಳುವ ಪತ್ರ ಬೇಡ. ಡಬ್ಬಿಂಗ್‌ಗಾದರೆ ಎರಡು ನಿಮಿಷದ ದೃಶ್ಯಕ್ಕೆ ಮಾತು ಬರೆದು, ನೀವೇ ಓದಿ ರೆಕಾರ್ಡ್ ಮಾಡಿ ಜೊತೆಗಿಡಿ. ಫೈಲಿನ ಹೆಸರಲ್ಲಿ ನಿಮ್ಮ ಹೆಸರು, ಕನ್ನಡ ಅನ್ನುವ ಪದ ಇರಲಿ. ಹತ್ತು ದಿನ ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ, ಆಮೇಲೆ ಮುಂದಿನ ಏಜೆನ್ಸಿಗೆ ಬರೆಯಿರಿ.